ಕೈಗುಣ

ಕತ್ತರಿಯನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿಕೊಂಡು, ಸೊಸೆ ರಬ್ಬರ್ ಗಿಡದ ಕೊಳೆತ ಬೇರುಗಳನ್ನು ಒಂದೊಂದಾಗಿ ಕತ್ತರಿಸುತ್ತಿದ್ದಳು. ಹಳೆಯ ಪೇಪರಿನ ಮೇಲೆ ಹರಡಿದ ಮಣ್ಣಿನಿಂದ ಕೆಟ್ಟ ವಾಸನೆ ಬರುತ್ತಿತ್ತು. ಅತ್ತೆ ಮಂಚದಿಂದಲೇ ನೋಡುತ್ತಿದ್ದಳು. ಲಕ್ವ ಹೊಡೆದ ದಿನ ಬೀಳುವಾಗ ಅವಳು ಆಸರೆಗೆ ಹಿಡಿದದ್ದು ಇದೇ ಗಿಡವನ್ನು. ಕುಂಡ ಒಡೆದು, ಕಾಂಡ ಸೀಳಿತ್ತು. ಅವಳ ಬಲಭಾಗ ಹೋಗಿತ್ತು, ಮಾತೂ ನಿಂತಿತ್ತು. ಗಡಿಬಿಡಿಯಲ್ಲಿ ಯಾರೋ ಗಿಡವನ್ನು ಬಕೆಟ್ಟಿಗೆ ತುರುಕಿ, ನೀರು ಸುರಿದು ಮರೆತಿದ್ದರು.

ಮಾತಿದ್ದಾಗ ಅತ್ತೆ ಅದನ್ನು ಸೊಸೆಗೆ ಮುಟ್ಟಗೊಟ್ಟವಳಲ್ಲ. ಎರಡನೇ ಸಲವೂ ಗರ್ಭ ನಿಲ್ಲದೆ ಸೊಸೆ ಆಸ್ಪತ್ರೆಯಿಂದ ಬಂದ ವಾರ, ಮನೆ ತುಂಬ ನೆಂಟರಿದ್ದರು. ಎಲೆಯ ಧೂಳು ಒರೆಸಲು ಕೈ ಚಾಚಿದವಳಿಗೆ ಅತ್ತೆ, "ಅದನ್ನ ಮುಟ್ಟಬೇಡ ತಾಯಿ, ಅದಾದ್ರೂ ನಿಲ್ಲಲಿ," ಎಂದಿದ್ದಳು. ನೆಂಟರು ನಕ್ಕರು. ಗಂಡನೂ ನಕ್ಕಿದ್ದ, ಸ್ವಲ್ಪ.

ಈಗ ಸೊಸೆ ಮಣ್ಣಿಗೆ ಮರಳು ಬೆರೆಸಿ ಹೊಸ ಕುಂಡದಲ್ಲಿ ಗಿಡ ನೆಟ್ಟಳು. ಸೀಳಿದ ಕಾಂಡಕ್ಕೆ ಬಟ್ಟೆಯ ಪಟ್ಟಿ ಸುತ್ತಿದಳು. ಕುಂಡವನ್ನು ಅತ್ತೆಯ ಎದುರಿನ ಕಿಟಕಿಯಲ್ಲಿಟ್ಟಳು. ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಎಲೆ ಒರೆಸುತ್ತ, "ಬಾಯಾರಿತಾ ನನ್ನ ರಾಜ? ತಾಳು, ಬಂದೆ," ಎನ್ನುತ್ತಿದ್ದಳು.

ಅತ್ತೆಗೂ ಕಡಿಮೆ ಮಾಡಿರಲಿಲ್ಲ. ಹೊತ್ತಿಗೆ ಸರಿಯಾಗಿ ಉಣಿಸುತ್ತಿದ್ದಳು, ಹಾಸಿಗೆ ಬದಲಿಸುತ್ತಿದ್ದಳು. ನೋಡಲು ಬಂದವರು ಹೊಗಳಿಯೇ ಹೋಗುತ್ತಿದ್ದರು. ನೀರೊಂದನ್ನು ಮಾತ್ರ ಅಳೆದು ಕೊಡುತ್ತಿದ್ದಳು. ತುಂಬಿದ ಲೋಟವನ್ನು ಸ್ಟೂಲಿನ ಮೇಲಿಡುತ್ತಿದ್ದಳು, ಅತ್ತೆಯ ಬಲಗೈ ಪಕ್ಕದಲ್ಲಿ. ಆ ಕೈ ಏಳುತ್ತಿರಲಿಲ್ಲ, ಎಡಗೈಗೆ ಲೋಟ ಎಟುಕುತ್ತಿರಲಿಲ್ಲ. ಅತ್ತೆಯ ತುಟಿ ಸಿಪ್ಪೆಯೆದ್ದಿತ್ತು.

ಒಂದು ಭಾನುವಾರ, ಲಿಫ್ಟ್ ರಿಪೇರಿಯ ಕೆಲಸದಿಂದ ಬಿಡುವು ಸಿಕ್ಕ ಗಂಡ ತಾಯಿಯ ಕೋಣೆಗೆ ಬಂದವನು ಕಿಟಕಿಯ ಹತ್ತಿರ ನಿಂತುಬಿಟ್ಟ. ಗಿಡದ ತುದಿಯಲ್ಲಿ ಕೆಂಪು ಸುರುಳಿಯೊಂದು ಬಿಚ್ಚಿಕೊಳ್ಳುತ್ತಿತ್ತು.

"ಅಮ್ಮಾ, ನಿನ್ನ ಗಿಡ ಚಿಗುರಿದೆ! ಸತ್ತೇ ಹೋಗಿತ್ತಲ್ಲ ಇದು. ಇವಳ ಕೈಗುಣ ನೋಡಮ್ಮ!"

ಅತ್ತೆಯ ಬಾಯಿ ಸೊಟ್ಟಗೆ ತೆರೆಯಿತು. ಕುತ್ತಿಗೆಯ ನರ ಉಬ್ಬಿತು.

"ನೀ..."

ಅವನು ಮಂಚದ ಪಕ್ಕ ಕುಸಿದು ಕೂತ. "ಮಾತಾಡ್ತಿದ್ದಾಳೆ ಕಣೇ! ಏನಮ್ಮಾ, ಏನು? ಇನ್ನೊಂದ್ಸಲ ಹೇಳು."

"ನೀ... ರು."

ಅತ್ತೆಯ ಎಡಗೈ ಮೇಲೆದ್ದು ಲೋಟದ ಕಡೆ ಚಾಚಿತು. ಲೋಟದ ಆಚೆಗೆ ಕಿಟಕಿ, ಕಿಟಕಿಯಲ್ಲಿ ಗಿಡ. ಅವನು ತಿರುಗಿ ಹೆಂಡತಿಯ ಮುಖ ನೋಡಿದ.

ಅವಳು ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು.

"ಗಿಡಕ್ಕೆ ನೀರು ಹಾಕು ಅಂತಿದ್ದಾರೆ ಕಣ್ರೀ," ಎಂದಳು. "ಅವರ ಜೀವ ಎಲ್ಲ ಅದರ ಮೇಲೇ ಅಲ್ವಾ."

ಆಡಿದ್ದು ಅವಳ ಕಿವಿಗೂ ಬಿತ್ತು. ತಿದ್ದಿಕೊಳ್ಳದೆ ಕೈಯಲ್ಲಿದ್ದ ಬಟ್ಟೆ ಮಡಚಿದಳು.

ಅವನು ಅಳುತ್ತಲೇ ನಕ್ಕ. "ಮಾತು ಬಂದ ಕೂಡಲೇ ಗಿಡದ ಚಿಂತೆ ನೋಡು ಇವಳಿಗೆ! ಹಾಕ್ತೀನಮ್ಮ, ನಾನೇ ಹಾಕ್ತೀನಿ." ಲೋಟ ಎತ್ತಿ ಕುಂಡಕ್ಕೆ ಪೂರ್ತಿ ಸುರಿದ. ಅಕ್ಕನಿಗೆ ಸುದ್ದಿ ಹೇಳಬೇಕೆಂದು ಫೋನು ಹುಡುಕುತ್ತ ಹೊರಗೋಡಿದ.

ಕುಂಡದಡಿಯ ತಟ್ಟೆ ತುಂಬಿ, ನೀರು ಕಿಟಕಿಯ ಅಂಚಿನಿಂದ ತೊಟ್ಟಿಕ್ಕತೊಡಗಿತು. ಅತ್ತೆ ಸೊಸೆಯ ಮುಖ ನೋಡಲಿಲ್ಲ. ನೆಲದಲ್ಲಿ ಅಗಲವಾಗುತ್ತಿದ್ದ ಒದ್ದೆಯನ್ನೇ ನೋಡುತ್ತ, ನಾಲಿಗೆಯಿಂದ ಮೆಲ್ಲಗೆ ತುಟಿ ಸವರಿಕೊಂಡಳು.