ನವೆಯೋ, ಉರಿಯೋ

ಬಚ್ಚಲಲ್ಲಿ ಸೀರೆ ಬಿಚ್ಚಿದಾಗಲೆಲ್ಲ ಮೇಘಶ್ರೀಗೆ ಜೀವ ಬಾಯಿಗೆ ಬರುತ್ತಿತ್ತು. ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಬಳೆಯಂತೆ ಎದ್ದ ಕೆಂಪು ಗಂದೆಗಳು ಒಂದಕ್ಕೊಂದು ಕೂಡಿಕೊಂಡು ಸೊಂಟವನ್ನೇ ಬಳಸುತ್ತ ಹೊರಟಿದ್ದವು. ಸರ್ಪಸುತ್ತು! ತಲೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಅಂತ ತವರೂರು ಜಾವಗಲ್ಲಿನಲ್ಲಿ ಚಿಕ್ಕಂದಿನಿಂದ ಕೇಳಿದ್ದಳು. ಈಗ ಎರಡು ತುದಿಗಳ ನಡುವೆ ಅಂಗೈಯಗಲ ಚರ್ಮವಷ್ಟೇ ಬಾಕಿ. ಅವಳೀಗ ಐದು ತಿಂಗಳ ಬಸುರಿ ಬೇರೆ.

ಯಾರಿಗಾದರೂ ತೋರಿಸೋಣವೆಂದರೆ ಬಾಯಿ ಕಟ್ಟಿತ್ತು. ಬಸುರಿಯ ಗಂಡ ಹಾವು ಹೊಡೆಯಬಾರದು. ಗಂಡನ ಊರು ಹಗರೆಯಲ್ಲಿ ಇದು ಯಾರಿಗೆ ಗೊತ್ತಿಲ್ಲ? ಆದರೂ ಅವಳ ಗಂಡ ಸುನಿಲ್ ಹುಲ್ಲಿನ ಮೆದೆಯ ಹತ್ತಿರ ನಾಗರಹಾವೊಂದನ್ನು ಚಚ್ಚಿ ಹಾಕಿದ್ದ. "ಅವ್ವನಿಗೆ ಹೇಳ್ಬೇಡ ಕಣೇ, ಅನ್ನ ನೀರು ಬಿಟ್ಟು ಕೂತ್ಕತಾಳೆ" ಎಂದು ಕೈಮುಗಿದಿದ್ದ. ಹೊಡೆದವನು ಗುಂಡುಕಲ್ಲಿನ ಹಾಗಿದ್ದಾನೆ, ಸುತ್ತಿಕೊಂಡಿದ್ದು ಮಾತ್ರ ಇವಳನ್ನು. ದೇವರ ನ್ಯಾಯವೂ ಗಂಡಸರ ಕಡೆಗೇ ಎಂದು ಅವಳು ಒಳಗೊಳಗೇ ಬೈದುಕೊಂಡಳು.

ಅವತ್ತು ಡೇರಿಗೆ ಹಾಲು ಹಾಕಿ ಬಂದವಳು ಕೊಟ್ಟಿಗೆಯಲ್ಲಿ ತಡೆಯಲಾರದೆ ಸೊಂಟ ಪರಪರ ಕೆರೆದುಕೊಂಡಳು. ತಿರುಗಿದರೆ ಅತ್ತೆ ಗಿಡ್ಡಮ್ಮ ನಿಂತಿದ್ದಾಳೆ.

"ಏನೇ ಅದು? ಸೆರಗು ಸರಿಸು."

ಮೇಘಶ್ರೀ ಸೆರಗು ಸರಿಸಿದಳು. "ನಾನು ಉಳಿಯಲ್ಲ ಅತ್ತೆ. ಸರ್ಪಸುತ್ತು. ಕೂಡೋಕೆ ಬಂದೈತೆ."

ಗಿಡ್ಡಮ್ಮ ಬಗ್ಗಿ ನೋಡಿದಳು. "ನವೆಯೋ, ಉರಿಯೋ?"

"ನವೆ. ಬೆವೆತರೆ ಇನ್ನೂ ಜಾಸ್ತಿ."

"ಥೂ ನಿನ್ನ! ಸರ್ಪ ಆಗಿದ್ರೆ ಬೆಂಕಿ ಇಟ್ಟಂಗೆ ಉರಿಯೋದು, ಮುಟ್ಟಾಕೂ ಬಿಡ್ತಿರ್ಲಿಲ್ಲ. ಇದು ಹುಳುಕಡ್ಡಿ ಕಣೇ. ಒದ್ದೆ ಲಾಡಿ ಕಟ್ಕಂಡು ಓಡಾಡಿದ್ರೆ ಇನ್ನೇನಾಯ್ತದೆ?"

ಹಿತ್ತಲ ಸೀಮೆ ಅಗಸೆ ಸೊಪ್ಪು ಕಿತ್ತು, ನಿಂಬೆರಸ ಹಿಂಡಿ ಅರೆದು ತಂದಳು. "ಹುಳುಕಡ್ಡಿನೂ ಒಂಥರಾ ಬೂಷ್ಟೇ, ಈ ಸೊಪ್ಪಿಗೆ ಸಾಯ್ತದೆ. ನಾಳೆ ಬೇಲೂರಲ್ಲಿ ಡಾಕ್ಟ್ರಿಗೂ ತೋರ್ಸಾಣ, ಬಸುರಿ ಮೈ" ಎನ್ನುತ್ತ ಸವರತೊಡಗಿದಳು. ಮೊದಲು ಚುರ್ರೆಂದಿತು, ಆಮೇಲೆ ತಣ್ಣಗಾಯಿತು.

ಸಾಯುವುದಿಲ್ಲ! ಕೂಸಿಗೂ ಏನೂ ಆಗುವುದಿಲ್ಲ! ಮೇಘಶ್ರೀ ಅಳುತ್ತಲೇ ನಕ್ಕಳು. ಆ ಖುಷಿಯಲ್ಲಿ ನಾಲಿಗೆ ಹಿಡಿತ ತಪ್ಪಿತು.

"ಹಂಗಾರೆ ನಿಮ್ಮ ಮಗ ಹಾವು ಹೊಡೆದಿದ್ದಕ್ಕೆ ಏನೂ ಆಗಲ್ಲ, ಅಲ್ವಾ ಅತ್ತೆ?"

ಸೊಂಟದ ಮೇಲಿನ ಕೈ ನಿಂತಿತು.

"ಯಾವ ಹಾವು?" ಗಿಡ್ಡಮ್ಮ ಕೇಳಿದಳು. ಸೊಪ್ಪು ಮೆತ್ತಿದ ಅವಳ ಬೆರಳುಗಳು ಸೊಸೆಯ ಹೊಟ್ಟೆಯ ಮೇಲೆ ಬಂದು ಕೂತವು.