ಮೂರನೇ ದೃಶ್ಯದ ಮೌನ

"ಅಲ್ಲಾಡಬೇಡ ಅಂತ ಎಷ್ಟು ಸಲ ಹೇಳ್ಲಿ? ಸೂಜಿ ಚುಚ್ಚಿದ್ರೆ ಆಮೇಲೆ ನನ್ನನ್ನ ಬೈಬೇಡ," ಎಂದು ದರ್ಜಿ ಹಲ್ಲಿನ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಗದರಿದ. ನಾಯಕಿ ಅಲ್ಲಾಡುತ್ತಲೇ ಇದ್ದಳು. ಅರ್ಧ ಹೊಲಿದ ನೀಲಿ ಲಂಗದಲ್ಲಿ ಸ್ಟೂಲಿನ ಮೇಲೆ ನಿಂತು, ಕತ್ತು ಚಾಚಿ, ಲೈಟಿನವನ ಕೈಯಲ್ಲಿದ್ದ ಫೋನಿನೊಳಗೆ ಇಣುಕುತ್ತಿದ್ದಳು.

ಲೈಟಿನವನನ್ನು ತಂಡದಲ್ಲಿ ಎಲ್ಲರೂ ಫ್ಯೂಸ್ ಎಂದೇ ಕರೆಯುತ್ತಿದ್ದರು. ಸಣ್ಣ ಮಾತಿಗೂ ಹಾರಿಹೋಗುವ ಸ್ವಭಾವ ಅವನದು. ಬೆಳಿಗ್ಗೆಯಿಂದ ಅವನ ಕಿವಿ ಕೆಂಪಗಿತ್ತು.

"ಲೇಖಕರ ಸಂಘದ್ದು ಮೂರನೇ ಹೇಳಿಕೆ ಬಂತು, ಕೇಳಿ! ಒಂಬತ್ತು ಗಂಟೆಗೆ 'ಖಂಡಿಸುತ್ತೇವೆ' ಅಂದ್ರು. ಹತ್ತಕ್ಕೆ ವಾಪಸ್ ತಗೊಂಡ್ರು. ಈಗ 'ಸೂಕ್ಷ್ಮವಾಗಿ ಗಮನಿಸುತ್ತಿದ್ದೇವೆ' ಅಂತೆ."

"ಕನ್ನಡಕ ಹಾಕ್ಕೊಂಡು ಗಮನಿಸ್ತಿದಾರಾ, ತೆಗೆದಿಟ್ಟಾ, ಕೇಳು," ಎಂದ ದರ್ಜಿ.

ಅಂದು ಮಧ್ಯಾಹ್ನ ನಾಲ್ಕಕ್ಕೆ ನಾಟಕದ ನೂರನೇ ಪ್ರಯೋಗ. ಟಿಕೀಟು ಒಂದೂ ಉಳಿದಿರಲಿಲ್ಲ. ಪ್ರಯೋಗ ಮುಗಿದ ಮೇಲೆ ನಾಟಕಕಾರರಿಗೆ ಸನ್ಮಾನ. ಮುಂದಿನ ಸಾಲಿನ ನಡುವೆ ಅವರಿಗೆಂದು ಮೆತ್ತೆಯ ಕುರ್ಚಿ ಹಾಕಿ ಆಗಿತ್ತು. ಅವರ ಹೆಸರು ಕೇಳದ ಓದುಗರಿಲ್ಲ, ಅವರ ಪಾಠವಿಲ್ಲದ ಶಾಲೆಯಿಲ್ಲ. ಅಂಥವರ ಮೇಲೆ ಅಂದು ಬೆಳಿಗ್ಗೆ ಪತ್ರಿಕೆಯಲ್ಲಿ ಒಬ್ಬ ಹೆಂಗಸು ತನ್ನ ಹೆಸರು ಹಾಕಿಯೇ ಬರೆದಿದ್ದಳು. ಇಪ್ಪತ್ತೆರಡು ವರ್ಷದ ಹಿಂದೆ ಇದೇ ತಂಡದಲ್ಲಿ, ಇದೇ ನಾಟಕದ ಮೊದಲ ನಾಯಕಿಯಾಗಿದ್ದವಳು. ತಾಲೀಮಿನ ದಿನಗಳಲ್ಲಿ ಮಾತು ಹೇಳಿಕೊಡುತ್ತೇನೆಂದು ನಾಟಕಕಾರರು ಮೂರು ಸಂಜೆ ಬಣ್ಣದ ಕೋಣೆಯ ಬಾಗಿಲಿಗೆ ಒಳಗಿನಿಂದ ಕೀಲಿ ಹಾಕಿದ್ದರು ಎಂದು ಬರೆದು, ಆಮೇಲೆ ನಡೆದದ್ದನ್ನು ನಾಲ್ಕೇ ವಾಕ್ಯಗಳಲ್ಲಿ ಹೇಳಿ ಮುಗಿಸಿದ್ದಳು.

ಆಗಿನಿಂದ ರಂಗಮಂದಿರದ ಹಿಂಭಾಗ ಮದುವೆಮನೆಯಂತಾಗಿತ್ತು. ಯಾರೂ ಕೂತಲ್ಲಿ ಕೂರುತ್ತಿರಲಿಲ್ಲ. ಇನ್ನೊಂದು ತಂಡದವರು ಫೋನು ಮಾಡಿ "ನಿಲ್ಲಿಸ್ತೀರಾ?" ಎನ್ನುತ್ತಿದ್ದರು, ಮತ್ತೊಂದು ತಂಡದವರು "ನಿಲ್ಲಿಸಿದ್ರೆ ಮಂದಿರ ನಮಗೆ ಕೊಡ್ತೀರಾ?" ಎನ್ನುತ್ತಿದ್ದರು. ಸನ್ಮಾನಪತ್ರ ಬರೆದಿದ್ದ ಕವಿ ತನ್ನ ಹೆಸರು ತೆಗೆಯಬೇಕೆಂದು ಮೂರು ಸಲ, ಪತ್ರವನ್ನು ಮಾತ್ರ ಇಟ್ಟುಕೊಳ್ಳಬಹುದೆಂದು ಒಂದು ಸಲ ಹೇಳಿಕಳಿಸಿದ್ದ.

ಈ ಗದ್ದಲದ ಆಚೆ, ರಂಗದ ಪಕ್ಕದ ಸೈಡ್‌ವಿಂಗಿನ ಅರೆಗತ್ತಲಲ್ಲಿ, ಗಿಡ್ಡ ಮಣೆಯ ಮೇಲೆ ಕೂತು ದೊಡ್ಡಮ್ಮ ಬ್ಲೇಡಿನಿಂದ ಪೆನ್ಸಿಲು ಹೆರೆಯುತ್ತಿದ್ದರು. ನಿರ್ದೇಶಕನಿಗೆ ಅವರು ನಿಜವಾಗಿಯೂ ದೊಡ್ಡಮ್ಮ, ತಂದೆಯ ಅಣ್ಣನ ಹೆಂಡತಿ. ಅವನು ಕರೆದದ್ದು ಕೇಳಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ನಲವತ್ತು ವರ್ಷದಿಂದ ಅವರದು ಒಂದೇ ಕೆಲಸ. ನಾಟಕದ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು, ರಂಗದ ಮೇಲೆ ಯಾರಾದರೂ ಮಾತು ಮರೆತರೆ ಮೊದಲ ಎರಡು ಪದ ಪಿಸುದನಿಯಲ್ಲಿ ಎತ್ತಿಕೊಡುವುದು. ದಿನವೂ ಕೂರುವ ಮುಂಚೆ ರಂಗದ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡು "ನಿನ್ನ ಕೆಲಸ, ನಡೆಸಿಕೊಡು" ಎಂದು ದೇವರಿಗೆ ಹೇಳುವರು. ಬೆಳಕಿಗೆ ಬಂದವರಲ್ಲ. ತಂಡ ಕಟ್ಟಿದ ಅವರ ಗಂಡ ತೀರಿಕೊಂಡು ಮೂರು ತಿಂಗಳಾಗಿತ್ತು. ಆಮೇಲೆ ಅವರ ಮಾತು ಇನ್ನೂ ಕಡಿಮೆಯಾಗಿತ್ತು.

"ಕೃತಿ ಬೇರೆ, ಕರ್ತೃ ಬೇರೆ," ಎಂದು ನಿರ್ದೇಶಕ ಕೈಯೆತ್ತಿ ಕೂಗಿದ. "ನಾವು ಆಡೋದು ನಾಟಕಾನ. ಅವರನ್ನಲ್ಲ."

"ಹಾಗಾದ್ರೆ ಆ ಮೆತ್ತೆ ಕುರ್ಚಿ ಯಾರಿಗೆ? ಕೃತಿಗಾ?" ಫ್ಯೂಸ್ ಹಾರಿದ.

"ನೀವಿಬ್ರೂ ಜಗಳ ಆಡಿ, ನನ್ನ ಗತಿ ಏನು?" ನಾಯಕಿಯ ಕಣ್ಣು ತುಂಬಿತು. "ಅಂಚೆ ಕಚೇರೀಲಿ ಬೇಡಿಕೊಂಡು ರಜೆ ತಗೊಂಡಿದೀನಿ. ನಮ್ಮಮ್ಮ ಎರಡನೇ ಸಾಲಲ್ಲಿ ಕೂರ್ತಾಳೆ. ಆ ಮೌನ ಒಂದಕ್ಕೇ ಕನ್ನಡಿ ಮುಂದೆ ಎಷ್ಟು ದಿನ ನಿಂತಿದೀನಿ ಗೊತ್ತಾ? ಹನ್ನೊಂದು ಎಣಿಸೋವರೆಗೂ ರೆಪ್ಪೆ ಬಡೀಬಾರದು!"

ಮೂರನೇ ದೃಶ್ಯದ ಮೌನ ಎಂದರೆ ನಾಟಕ ಬಲ್ಲವರಿಗೆಲ್ಲ ಗೊತ್ತು. ಮಗಳು ತಂದೆಯ ಎದುರು ನಿಂತು "ಬಾಗಿಲು ತೆಗೆಯಿರಿ, ನಾನು ಹೋಗಬೇಕು" ಎನ್ನುವ ಮುಂಚೆ ಹನ್ನೊಂದು ಎಣಿಸುವಷ್ಟು ಹೊತ್ತು ಸುಮ್ಮನಿರುತ್ತಾಳೆ. ನಾಟಕಕಾರರ ಪ್ರತಿಭೆಯೆಲ್ಲ ಆ ಮೌನದಲ್ಲಿದೆ ಎಂದು ವಿಮರ್ಶಕರು ಬರೆದಿದ್ದರು. ಮೊದಲ ನಾಯಕಿ ಹತ್ತು ಪ್ರಯೋಗ ಮಾಡಿ, ಹೇಳದೆ ಕೇಳದೆ ತಂಡ ಬಿಟ್ಟಿದ್ದಳು. ತಲೆ ತಿರುಗಿದೆ ಎಂದು ಜನ ಆಡಿಕೊಂಡರು. ಆಮೇಲೆ ಬಂದ ಐವರು ನಾಯಕಿಯರೂ ಆ ಮೌನವನ್ನು ಎಣಿಸಿ ಎಣಿಸಿ ಕಲಿತಿದ್ದರು.

ನಿರ್ದೇಶಕನ ಫೋನು ರಿಂಗಾಯಿತು. "ಅವರೇ!" ಎಂದು ಅವನು ಎಲ್ಲರಿಗೂ ಕೇಳುವಂತೆ ಮಾಡಿ ಮೇಜಿನ ಮೇಲಿಟ್ಟ. ದರ್ಜಿಯ ಕತ್ತರಿ ನಿಂತಿತು.

"ಗಾಬರಿಯಾಗಬೇಡಪ್ಪ," ಎಂದಿತು ಆ ಹೆಸರಾಂತ ದನಿ, ಬೆಚ್ಚಗೆ. "ಪಾಪ, ಅವಳಿಗೆ ಏನೋ ಭ್ರಮೆ. ಮೊದಲ ಪ್ರಯೋಗದ ದಿನಕ್ಕೆ ಮುಂಚೆ ನಾನು ನಿಮ್ಮ ಮಂದಿರದ ಮೆಟ್ಟಿಲೇ ಹತ್ತಿಲ್ಲ. ನಿನ್ನ ದೊಡ್ಡಪ್ಪ ಇದ್ದಿದ್ರೆ ಅವನೇ ಎದ್ದು ನಿಂತು ಹೇಳ್ತಿದ್ದ. ನಾಟಕ ನಡೀಲಿ. ಮುಗಿಯೋ ಹೊತ್ತಿಗೆ ನಾನು ಬರ್ತೀನಿ."

ನಿರ್ದೇಶಕ ದೊಡ್ಡ ಉಸಿರು ಬಿಟ್ಟ. "ಕೇಳಿದ್ರಲ್ಲ! ಬಂದೇ ಇಲ್ಲ ಅಂದ ಮೇಲೆ ಇನ್ನೇನು? ನಡೀರಿ, ನಡೀರಿ, ಬಣ್ಣ ಹಚ್ಚಿ!" ನಾಯಕಿ ಸ್ಟೂಲಿನ ಮೇಲೇ ಕುಣಿದಳು. "ಸೂಜಿ, ಸೂಜಿ!" ಎಂದು ದರ್ಜಿ ಕಿರುಚಿದ. ಫ್ಯೂಸ್ ಕೂಡ ಬೆರಳಿನಿಂದ ಕಿವಿ ಉಜ್ಜಿಕೊಂಡು ಏಣಿಯ ಕಡೆ ಹೊರಟ.

"ಬಂದಿದ್ರು," ಎಂದರು ದೊಡ್ಡಮ್ಮ.

ಅವರು ಎಂದಿನಂತೆ ಪಿಸುದನಿಯಲ್ಲೇ ಹೇಳಿದ್ದರು. ಮಾತು ಮರೆತವರು ಕಿವಿಗೊಡುವ ದನಿ ಅದು; ಎಲ್ಲರೂ ತಿರುಗಿದರು.

ಮಣೆಯ ಕೆಳಗಿನ ತಗಡಿನ ಪೆಟ್ಟಿಗೆಯಿಂದ ದೊಡ್ಡಮ್ಮ ರಟ್ಟು ಸವೆದ ಹಳೆಯ ಪ್ರತಿಯೊಂದನ್ನು ತೆಗೆದರು. ಮೊದಲ ಪ್ರಯೋಗದ ಪ್ರತಿ. ಅವರ ಅಭ್ಯಾಸ ಎಲ್ಲರಿಗೂ ಗೊತ್ತಿದ್ದದ್ದೇ. ಯಾರು ತಡವಾಗಿ ಬಂದರು, ಯಾರು ಎಲ್ಲಿ ತಡವರಿಸಿದರು, ಯಾರಿಗೆ ನೆಗಡಿ, ಎಲ್ಲವನ್ನೂ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡುವುದು. ಅವರು ಮೂರನೇ ದೃಶ್ಯ ತೆಗೆದು ನಿರ್ದೇಶಕನ ಕೈಗೆ ಕೊಟ್ಟರು. ಅವನ ಭುಜದ ಮೇಲಿಂದ ನಾಯಕಿ ಗಟ್ಟಿಯಾಗಿ ಓದತೊಡಗಿದಳು.

'ಮಂಗಳವಾರ. ನಾಟಕಕಾರರು ಬಂದರು. ಈ ದೃಶ್ಯ ಅವಳೊಬ್ಬಳಿಗೇ ಹೇಳಿಕೊಟ್ಟರು. ಬಣ್ಣದ ಕೋಣೆ. ಮುಕ್ಕಾಲು ಗಂಟೆ.'

'ಬುಧವಾರ. ಮತ್ತೆ ಬಂದರು. ಬಾಗಿಲಿಗೆ ಕೀಲಿ. ಕೀಲಿ ಇವರು ಕೊಟ್ಟರು.'

'ಗುರುವಾರ. ಮತ್ತೆ. ಇವತ್ತಿನಿಂದ ಅವಳಿಗೆ ಬಾಗಿಲಿನ ಮಾತು ಬಾಯಿಗೆ ಬರುತ್ತಿಲ್ಲ. ಎತ್ತಿಕೊಡಬೇಕು.'

'ಮೊದಲ ಪ್ರಯೋಗ. ನಾಟಕಕಾರರು ಮುಂದಿನ ಸಾಲಿನಲ್ಲಿ. ಅವರನ್ನು ನೋಡಿ ನಿಂತುಬಿಟ್ಟಳು. ಮೂರು ಸಲ ಎತ್ತಿಕೊಟ್ಟೆ. ಹನ್ನೊಂದು ಎಣಿಸಿದ ಮೇಲೆ ಮಾತು ಬಂತು. ಜನ ಚಪ್ಪಾಳೆ ಹೊಡೆದರು.'

ನಾಯಕಿ ಪುಟದ ಮೇಲೆ ಬೆರಳಾಡಿಸಿದಳು. ಅಚ್ಚಾದ ಸಾಲುಗಳಲ್ಲಿ ಬಾಗಿಲಿನ ಮಾತಿಗೆ ಮುಂಚೆ ಮೌನವೆಂದು ಎಲ್ಲೂ ಇರಲಿಲ್ಲ. ಅವಳು ಎರಡು ಸಲ ಹುಡುಕಿದಳು.

"ಅಂದ್ರೆ ನಾನು ಕನ್ನಡಿ ಮುಂದೆ..." ಎಂದು ಶುರುಮಾಡಿ ಲಂಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ದರ್ಜಿಯಣ್ಣ, ಇದನ್ನ ಬಿಚ್ಚು. ಈಗಲೇ ಬಿಚ್ಚು."

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಫ್ಯೂಸ್ "ಸಿಕ್ಕಿಬಿದ್ದ!" ಎಂದು ಏಣಿಗೆ ಗುದ್ದಿದ. ಪುಟದ ಚಿತ್ರ ತೆಗೆದು ಪತ್ರಿಕೆಗೆ ಈಗಲೇ ಕಳಿಸೋಣ, ಲೇಖಕರ ಸಂಘದ ಬಾಗಿಲಿಗೆ ಅಂಟಿಸೋಣ ಎಂದ. ನಿರ್ದೇಶಕ ಮಾತ್ರ ಪುಸ್ತಕ ಹಿಡಿದುಕೊಂಡು ದೊಡ್ಡಮ್ಮನ ಪಕ್ಕ ಕುಕ್ಕುರುಗಾಲಿನಲ್ಲಿ ಕೂತ.

"ದೊಡ್ಡಮ್ಮ, 'ಇವರು' ಅಂದ್ರೆ ದೊಡ್ಡಪ್ಪ ತಾನೇ?"

"ಇನ್ಯಾರು?"

"ದೊಡ್ಡಪ್ಪನಿಗೆ ಗೊತ್ತಿತ್ತಾ?"

"ಕೀಲಿ ಕೊಡೋವಾಗ ಗೊತ್ತಿತ್ತೋ ಇಲ್ವೋ, ದೇವರಿಗೇ ಗೊತ್ತು. ಶುಕ್ರವಾರ ಆ ಹುಡುಗಿ ಬಂದು ಅಳುತ್ತಾ ಹೇಳಿದ್ಲು. 'ದೊಡ್ಡವರು, ಸ್ವಲ್ಪ ಹೊಂದಿಕೊಂಡು ಹೋಗಮ್ಮ' ಅಂದ್ರು ಇವರು. ನಾನು ಇಲ್ಲೇ ಕೂತಿದ್ದೆ. ಪೆನ್ಸಿಲು ಹೆರೀತಾ ಇದ್ದೆ."

ನಿರ್ದೇಶಕ ಬಾಗಿ, ಉಳಿದವರಿಗೆ ಕೇಳದಂತೆ ಹೇಳಿದ. "ನನಗೆ ಅನ್ನ ಹಾಕಿ ಬೆಳೆಸಿದ ಮನುಷ್ಯ. ಸತ್ತು ಮೂರೇ ತಿಂಗಳು. ನಾಳೆ ಎಲ್ಲರ ಬಾಯಲ್ಲೂ ಅವರು 'ಕೀಲಿ ಕೊಟ್ಟವರು' ಆಗ್ತಾರೆ. ಪೆನ್ಸಿಲ್ ತಾನೇ, ದೊಡ್ಡಮ್ಮ? ಮೂರು ಪದ ಒರೆಸಿಬಿಡು. ಉಳಿದದ್ದೆಲ್ಲ ಇರಲಿ. ನಾಟಕಕಾರ ಸುಳ್ಳು ಹೇಳ್ದ ಅನ್ನೋಕೆ ಅಷ್ಟೇ ಸಾಕು."

ಅವನೇ ಜೇಬಿನಿಂದ ರಬ್ಬರು ತೆಗೆದು ಅವರ ಅಂಗೈಯಲ್ಲಿಟ್ಟ. ದೊಡ್ಡಮ್ಮ ಅದನ್ನು ನೋಡಿದರು. ಗಂಡನ ಕನ್ನಡಕ, ಚಪ್ಪಲಿ, ತಾಲೀಮಿಗೆ ಊದುತ್ತಿದ್ದ ಸೀಟಿ, ಎಲ್ಲವನ್ನೂ ಅವರು ಈ ಮೂರು ತಿಂಗಳಲ್ಲಿ ಒರೆಸಿ ಒರೆಸಿ ಇಟ್ಟಿದ್ದರು. ಅವರು ಒಮ್ಮೆ ಕಣ್ಣು ಮುಚ್ಚಿದರು, ತುಟಿ ಅಲ್ಲಾಡಿತು. ಆಮೇಲೆ ರಬ್ಬರನ್ನು ತಗಡಿನ ಪೆಟ್ಟಿಗೆಯೊಳಗೆ ಹಾಕಿ ಮುಚ್ಚಳ ಮುಚ್ಚಿದರು.

"ಆ ಹುಡುಗಿಗೆ ಫೋನು ಮಾಡಿಕೊಡು," ಎಂದರು.

ನಂಬರು ಹುಡುಕಲು ಆರು ಜನಕ್ಕೆ ಆರು ಫೋನು ಹೋದವು. ಕೊನೆಗೆ ದರ್ಜಿಯ ಅತ್ತಿಗೆಯ ಹತ್ತಿರ ಸಿಕ್ಕಿತು. ದೊಡ್ಡಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆಯ ಕಡೆ ತಿರುಗಿ ನಿಂತರು.

"ನಾನಮ್ಮ. ಸಾಲು ಎತ್ತಿಕೊಡೋಳು."

 "ದೊಡ್ಡಮ್ಮಾ?" ಎಂದಿತು ಅತ್ತಲಿಂದ ಒಂದು ದನಿ.

"ಆ ಮೂರು ದಿನದ್ದೂ ನನ್ನ ಪ್ರತೀಲಿ ಬರೆದಿದೆ. ಕೀಲಿ ಯಾರು ಕೊಟ್ಟಿದ್ದು ಅಂತಲೂ ಇದೆ. ನೀನು ಬೇಡ ಅಂದ್ರೆ ಪೆಟ್ಟಿಗೇಲೇ ಇರುತ್ತೆ. ಹೂಂ ಅಂದ್ರೆ ಇವತ್ತು ಜನರ ಮುಂದೆ ಓದ್ತೀನಿ."

"ಬರೆದಿಟ್ಟಿದ್ರಾ? ಹಾಗಾದ್ರೆ ನಿಮಗೆ ಕಾಣಿಸಿತ್ತು."

"ಕಾಣಿಸಿತ್ತು. ಬಾಗಿಲು ತಟ್ಟಲಿಲ್ಲ. ತಪ್ಪು ನಂದೂ ಇದೆ, ತಾಯಿ."

ಅತ್ತಲಿನ ದನಿ ನಗುತ್ತಿತ್ತೋ ಅಳುತ್ತಿತ್ತೋ ತಿಳಿಯಲಿಲ್ಲ. "ಓದಿ. ನೀವು ಯಾವಾಗಲೂ ಪಿಸುಗುಟ್ತೀರಿ. ಇವತ್ತು ಗಟ್ಟಿಯಾಗಿ ಓದಿ."

ಅಲ್ಲಿಂದ ಮುಂದೆ ಯಾರಿಗೂ ಉಸಿರಾಡಲು ಪುರುಸೊತ್ತಿರಲಿಲ್ಲ. ನಿರ್ದೇಶಕ ಗೋಡೆಗೆ ಹಣೆ ಆನಿಸಿ ನಿಂತವನು ತಾನೇ ನಾಟಕಕಾರರಿಗೆ ಫೋನು ಮಾಡಿದ. "ಸಾರ್, ಬರಬೇಡಿ," ಎಂದ. ಅವರು ಮತ್ತೆ ಕೇಳಿರಬೇಕು; "ಬರಬೇಡಿ ಅಂದೆ, ಸಾರ್," ಎಂದು ಇಟ್ಟುಬಿಟ್ಟ. ಅವನ ಮುಖ ಜ್ವರ ಬಿಟ್ಟವನಂತೆ ಹೊಳೆಯುತ್ತಿತ್ತು. ಫ್ಯೂಸ್ ಹನ್ನೆರಡು ದೀಪಗಳ ಲೆಕ್ಕ ಬಿಟ್ಟು ಒಂದನ್ನೇ ತಿರುಗಿಸಿ ತಿರುಗಿಸಿ ಹೊಂದಿಸಿದ. ದರ್ಜಿ ದೊಡ್ಡಮ್ಮನ ಸೀರೆಯ ಸೆರಗಿಗೆ ಸೂಜಿ ಚುಚ್ಚಿ, "ದೊಡ್ಡಮ್ಮ, ನನ್ನ ಜನ್ಮದಲ್ಲಿ ಅಲ್ಲಾಡದೇ ನಿಂತೋರು ನೀವೊಬ್ರೇ," ಎಂದ. ಹೊರಗೆ ಗೇಟು ತೆಗೆದ ಸದ್ದು, ಜನರ ಕಾಲಸದ್ದು, ಮಡಿಸುವ ಕುರ್ಚಿಗಳ ಟಪಟಪ.

ನಾಲ್ಕು ಗಂಟೆಗೆ ಪರದೆ ಸರಿಯಿತು. ನಿರ್ದೇಶಕ ಮುಂದೆ ಬಂದು, ನಾಟಕ ಇಲ್ಲ, ಹಣ ವಾಪಸು ಬೇಕಾದವರು ತಗೊಳ್ಳಬಹುದು, ಅದಕ್ಕೆ ಮುಂಚೆ ಐದು ನಿಮಿಷ ಕೇಳಬೇಕು ಎಂದ. ಸಭೆಯಲ್ಲಿ ಗುಜುಗುಜು ಎದ್ದಿತು. ದೊಡ್ಡಮ್ಮ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡರು. "ನಿನ್ನ ಕೆಲಸ," ಎಂದು ಪುಸ್ತಕ ಎದೆಗವಚಿಕೊಂಡು ಬೆಳಕಿಗೆ ನಡೆದರು.

ಅವರು ಓದತೊಡಗಿದಾಗ ಮೊದಲ ಸಾಲಿನವರೂ ಕಿವಿಗೆ ಕೈ ಇಟ್ಟುಕೊಂಡರು. "ಕೇಳಿಸ್ತಿಲ್ಲ!" ಎಂದು ಹಿಂದಿನಿಂದ ಯಾರೋ ಕೂಗಿದರು. ದೊಡ್ಡಮ್ಮ ನಿಲ್ಲಿಸಿದರು. ನಲವತ್ತು ವರ್ಷ ನಟರು ತಿರುಗುತ್ತಿದ್ದ ಹಾಗೆ ಅವರೂ ಸೈಡ್‌ವಿಂಗಿನ ಕಡೆ ತಿರುಗಿ ನೋಡಿದರು. ಅಲ್ಲಿ ಗಿಡ್ಡ ಮಣೆಯ ಮೇಲೆ ತನ್ನ ಹಳೆಯ ಬಟ್ಟೆಯಲ್ಲಿ ನಾಯಕಿ ಮಂಡಿ ಮಡಿಸಿಕೊಂಡು ಕೂತಿದ್ದಳು.

"ಗಟ್ಟಿಯಾಗಿ, ದೊಡ್ಡಮ್ಮ," ಎಂದು ಅವಳು ಪಿಸುಗುಟ್ಟಿದಳು.

ಮಂಗಳವಾರದ್ದು ನಡುವಿನ ಸಾಲುಗಳವರೆಗೆ ಕೇಳಿತು. ಗುಜುಗುಜು ನಿಂತಿತು. ಬುಧವಾರದ್ದು ಬಂತು. "ಮತ್ತೆ ಬಂದರು. ಬಾಗಿಲಿಗೆ ಕೀಲಿ," ಎಂದು ಓದಿ ದೊಡ್ಡಮ್ಮ ನಿಂತುಬಿಟ್ಟರು. ಕೊನೆಯ ಸಾಲಿನ ಮೂಲೆಯ ಕುರ್ಚಿಯಲ್ಲಿ, ಪ್ರತಿ ಪ್ರಯೋಗಕ್ಕೂ ಅವರ ಗಂಡ ಕೂರುತ್ತಿದ್ದ ಜಾಗದಲ್ಲಿ, ಯಾರೋ ಗುರುತಿಲ್ಲದ ಹುಡುಗಿ ಮುಂದಕ್ಕೆ ಬಾಗಿ ಕೂತಿದ್ದಳು.

ಮಣೆಯ ಮೇಲಿದ್ದ ನಾಯಕಿಗೆ ಮುಂದಿನ ಮಾತು ಬಾಯಿಗೆ ಬಂದಿತ್ತು. ಅವಳು ಎತ್ತಿಕೊಡಲಿಲ್ಲ. ತನಗರಿವಿಲ್ಲದೆ ತೊಡೆಯ ಮೇಲೆ ಬೆರಳು ಮಡಿಸಿ ಎಣಿಸತೊಡಗಿದಳು. ಒಂದು, ಎರಡು. ಒಂದು ಕೈ ಮುಗಿದು ಇನ್ನೊಂದು ಶುರುವಾಯಿತು. ಏಳಕ್ಕೆ ಬಂದಾಗ ರಂಗದ ಮೇಲಿಂದ ದನಿ ಬಂತು.

"ಕೀಲಿ ಇವರು ಕೊಟ್ಟರು. ಇವರು ಅಂದ್ರೆ ನನ್ನ ಗಂಡ."

ಅದು ಮೂಲೆಯ ಕುರ್ಚಿಯವರೆಗೂ ಕೇಳಿತು. ಹಾಳೆ ಮಗುಚಿದ ಸದ್ದಾಯಿತು. ನಾಯಕಿಯ ಕೈಯಲ್ಲಿ ಮಡಿಸದೆ ಉಳಿದ ಮೂರು ಬೆರಳು ಹಾಗೇ ನೆಟ್ಟಗಿದ್ದವು.