ತಲೆ ಕಡೆಯ ಅಂಚು

ಕತ್ತರಿ ನಾಲ್ಕು ಬೆರಳಿನಷ್ಟು ಒಳಗೆ ಹೋದ ಮೇಲೆಯೇ ಬೃಂದಾಳಿಗೆ, ಮಾವನನ್ನು ಒಂದು ಮಾತು ಕೇಳಬೇಕಿತ್ತು ಅನ್ನಿಸಿದ್ದು. ಆಗ ನಿಲ್ಲಿಸಿದ್ದರೂ ಕಂಬಳಿಯಲ್ಲಿ ಸೀಳು ಉಳಿಯುತ್ತಿತ್ತು. ಸೀಳಿದ ಕಂಬಳಿಗಿಂತ ಪೂರ್ತಿ ಕತ್ತರಿಸಿ, ಅಂಚು ಮಡಿಚಿ ಹೊಲಿದ ಕಂಬಳಿಯೇ ವಾಸಿ ಎಂದು ತನಗೆ ತಾನೇ ಹೇಳಿಕೊಂಡು ಅವಳು ಆ ತುದಿಯವರೆಗೂ ಕತ್ತರಿ ಓಡಿಸಿದಳು. ಅರ್ಧ ಗೇಣು ಅಗಲದ ಪಟ್ಟಿ ಕೈಗೆ ಬಂತು. ಅದರ ಒಂದು ಪಕ್ಕದಲ್ಲಿ ಮಾಸಿ ಬೂದಿಬಣ್ಣಕ್ಕೆ ತಿರುಗಿದ ಮೂರು ಗೆರೆಗಳಿದ್ದವು. ಅವನ್ನು ಅವಳು ಅಷ್ಟಾಗಿ ಗಮನಿಸಲಿಲ್ಲ. ಅವಳಿಗೆ ಬೇಕಿದ್ದದ್ದು ಕಪ್ಪು.

ಮಾವ ಪುಟ್ಟಯ್ಯ ಕುವೈತಿನ ಅಬು ಹಲೀಫಾದ ಸಮುದ್ರದ ದಂಡೆಗೆ ವಾಕಿಂಗ್ ಹೋಗಿದ್ದರು. ಸಿರಾ ಕಡೆಯ ಹಳ್ಳಿಯಿಂದ ಮಗನ ಮನೆಗೆ ಬಂದು ತಿಂಗಳಾಗಿತ್ತು. ಬರುವಾಗ ಸೂಟ್‌ಕೇಸಿನ ಅರ್ಧ ಜಾಗಕ್ಕೆ ಈ ಕಂಬಳಿಯನ್ನೇ ತುಂಬಿಕೊಂಡು ಬಂದಿದ್ದರು. ಗಂಡ ಧನಂಜಯ್ ಮಗಳು ನಿಧಿಯನ್ನು ಟ್ಯೂಷನ್ನಿಗೆ ಬಿಡಲು ಹೋಗಿದ್ದ. ಶನಿವಾರದ ಬೆಳಗ್ಗೆ ಆ ಫ್ಲ್ಯಾಟಿನಲ್ಲಿ ಬೃಂದಾ ಒಬ್ಬಳೇ ಇದ್ದಳು, ಮತ್ತೆ ಕಿಟಕಿಯ ಬಳಿ ಚೌಕಟ್ಟಿಗೆ ಬಿಗಿದ ಅವಳ ಕುರಿ.

ಹಳೆಯ ಉಣ್ಣೆಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ದಪ್ಪಗಟ್ಟಿಸಬೇಕು, ಸಣ್ಣ ಸಣ್ಣ ಪಟ್ಟಿ ಮಾಡಬೇಕು, ಗೋಣಿತಟ್ಟಿನ ಕೆಳಗಿನಿಂದ ಮರದ ಹಿಡಿಯ ಕೊಕ್ಕೆಯಲ್ಲಿ ಒಂದೊಂದೇ ಕುಣಿಕೆಯಾಗಿ ಮೇಲಕ್ಕೆಳೆಯಬೇಕು. ಕುಣಿಕೆಗಳು ಒತ್ತಾಗಿ ನಿಂತರೆ ಅದೇ ರಗ್ಗು. ಬೃಂದಾ ಇದನ್ನು ಕಲಿತದ್ದು ಜುಮಾನಾ ಎಂಬ ಕುವೈತಿ ಹೆಂಗಸಿನ ಮನೆಯಲ್ಲಿ. ಕೆನಡಾದಲ್ಲಿ ಓದುವಾಗ ಈ ಹುಚ್ಚು ಹತ್ತಿಸಿಕೊಂಡಿದ್ದ ಜುಮಾನಾ ಶುಕ್ರವಾರ ಏಳೆಂಟು ಜನರನ್ನು ಕೂಡಿಸಿಕೊಂಡು ಹೇಳಿಕೊಡುತ್ತಿದ್ದಳು. ಅವಳದು ಎರಡೇ ಕಟ್ಟಳೆ. ಉಣ್ಣೆ ಯಾರಾದರೂ ತೊಟ್ಟು ಬಿಟ್ಟದ್ದಾಗಿರಬೇಕು. ಚಿತ್ರವು ಬರೆಯಲು ಬಾರದವರು ಬರೆದಂತಿರಬೇಕು. ಕುರಿ ಮನೆಗಿಂತ ದೊಡ್ಡದಾದರೆ ಆಗಲಿ, ತಿದ್ದಬಾರದು. ಎರಡನೆಯದು ಬೃಂದಾಳಿಗೆ ಒಗ್ಗಿರಲಿಲ್ಲ. ಕುವೈತ್ ನಗರದ ಶರ್ಕ್‌ನ ಒಂದು ಕಂಪನಿಯಲ್ಲಿ ಡ್ರಾಯಿಂಗುಗಳ ಹಳೆಯ ಪ್ರತಿ, ಹೊಸ ಪ್ರತಿಗಳನ್ನು ತಾಳೆ ನೋಡುವುದು ಅವಳ ಕೆಲಸ. ಮನೆಯಲ್ಲೂ ಸಂಜೆ ಹಾಕಿದ ಕುಣಿಕೆಗಳನ್ನು ಬೆಳಗ್ಗೆ ಬಿಚ್ಚುತ್ತಿದ್ದಳು.

ಅವಳ ರಗ್ಗಿನ ಕುರಿಗೆ ಬೆನ್ನಿನ ಮೇಲೆ ಅಂಗೈಯಗಲ ಜಾಗ ಬಾಕಿಯಿತ್ತು. ಸೂಕ್ ಅಲ್ ಜುಮಾದ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡ ಹಳೆಯ ಕೋಟುಗಳ ಕಪ್ಪು ಒಂದರಲ್ಲಿ ನೀಲಿ, ಇನ್ನೊಂದರಲ್ಲಿ ಕೆಂಪು ಹೊಡೆಯುತ್ತಿತ್ತು. ಜುಮಾನಾಳ ಅಣ್ಣನ ಚಳಿಗಾಲದ ಉಣ್ಣೆ ನಿಲುವಂಗಿ, ದಿಶ್ದಾಶಾ, ತೀರಾ ನಯ. ಕುರಿಯ ಮೈಯದೇ ಕಪ್ಪು ಇದ್ದದ್ದು ಮಾವನ ಮಂಚದ ಮೇಲೆ ಮಡಿಚಿಟ್ಟ ಕಂಬಳಿಯಲ್ಲಿ. ಆ ಒಂದು ತುದಿ ಹೇಗೂ ಎಳೆ ಬಿಟ್ಟಿತ್ತು.

ಬಿಸಿನೀರಿಗೆ ಹಾಕಿದಾಗ ಪಟ್ಟಿಯಿಂದ, ನೇಯುವಾಗ ಬಳಿದಿದ್ದ ಹುಣಸೆಬೀಜದ ಹಳೆಯ ಗಂಜಿ ಬಿಟ್ಟು ನೀರು ಲೋಳೆಯಾಯಿತು. ಬಚ್ಚಲೆಲ್ಲ ನೆಂದ ಕುರಿಯ ವಾಸನೆ. ಅವಳು ಫ್ಯಾನು ಹಾಕಿದಳು, ಪಟ್ಟಿಯನ್ನು ಡ್ರೈಯರಿಗೆ ಹಾಕಿದಳು, ಕಪ್ಪು ದಾರದಿಂದ ಕಂಬಳಿಯ ಅಂಚು ಹೊಲಿದು ಮೊದಲಿದ್ದಂತೆಯೇ ಮಡಿಚಿಟ್ಟಳು. ಮಾವ ಬಂದಮೇಲೆ ಹೇಳಿಬಿಡಬೇಕು ಅಂದುಕೊಂಡಳು. ಮಾವ ಬಂದರು, ಕಾಫಿ ಕುಡಿದರು, ಕಡಲ ಹಕ್ಕಿಗಳಿಗೆ ಯಾರೋ ಖುಬ್ಬೂಸ್ ರೊಟ್ಟಿ ಚೂರು ಮಾಡಿ ಹಾಕುತ್ತಿದ್ದುದನ್ನು ವರ್ಣಿಸಿದರು. ನಡುವೆ ಬಾಯಿ ಹಾಕಲು ಜಾಗ ಸಿಗಲಿಲ್ಲ. ಊಟವಾದಮೇಲೆ ಹೇಳೋಣ ಅಂದುಕೊಂಡಳು.

ಊಟವಾಗಿ ಮಲಗಲು ಹೋದವರು ಹತ್ತು ನಿಮಿಷದಲ್ಲಿ ಕಂಬಳಿಯನ್ನು ತೋಳಿನ ಮೇಲೆ ಹಾಕಿಕೊಂಡು ಹಾಲಿಗೆ ಬಂದರು.

"ಬೃಂದಮ್ಮಾ, ಇದನ್ನ ಯಾರಾನ ಒಗಿಯಕ್ಕೆ ಹಾಕಿದ್ರೇನಮ್ಮ?"

"ಇಲ್ಲ ಮಾವ," ಅಂದಳು ಬೃಂದಾ. ಅದು ಸುಳ್ಳಲ್ಲ ಎಂದು ಅವಳಿಗೆ ತಕ್ಷಣ ಹೊಳೆಯಿತು. ಒಗೆದದ್ದು ಪಟ್ಟಿ, ಕಂಬಳಿಯಲ್ಲ.

"ತಲೆ ಕಡೆ ಗೆರೆ ಕಾಣಾಕಿಲ್ವಲ್ಲ. ಅತ್ಲಾಗೂ ನೋಡ್ದೆ, ಇತ್ಲಾಗೂ ನೋಡ್ದೆ."

"ಯಾವ ಗೆರೆ ಅಪ್ಪ?" ಸೋಫಾದಲ್ಲಿದ್ದ ಧನಂಜಯ್ ಕೇಳಿದ.

"ಮೂರು ಬಿಳೀ ಗೆರೆ ಕಣೋ. ನಮ್ಮವ್ವ ಐದು ಗಂಡುಮಕ್ಕಳಿಗೂ ಒಂದೊಂದು ನೇಯಿಸಿದ್ಲು. ಎಲ್ಲಾ ಒಂದೇ ಥರ, ದಿನಾ ಕಿತ್ತಾಡ್ತಿದ್ವಿ. ಅದಕ್ಕೇ ದೊಡ್ಡೋನದಕ್ಕೆ ಒಂದು ಗೆರೆ, ಎರಡ್ನೇನದಕ್ಕೆ ಎರಡು. ನಾನು ಮೂರ್ನೇನು. ಗೆರೆ ಇರೋದು ತಲೆ ಕಡೀಗೆ. ಕಾಲು ಕಡೇದು ಮುಖಕ್ಕೆ ಬರಬಾರ್ದು ನೋಡು."

"ನಾನು ಹುಟ್ಟಿದಾಗಿಂದ ಈ ಕಂಬಳಿ ನೋಡ್ತಿದ್ದೀನಿ. ಗೆರೆ ಗಿರೆ ಏನೂ ನೆನಪಿಲ್ಲಪ್ಪ."

"ಇತ್ತು ಕಣೋ."

"ನಿಮ್ಮದು ಊರಲ್ಲೇ ಬಿಟ್ಟು ಚಿಕ್ಕಪ್ಪಂದು ತಂದಿದ್ದೀರೇನೋ."

"ಅವನದ್ರಲ್ಲಿ ನಾಲ್ಕು ಗೆರೆ ಇರ್ಬೇಕಲ್ಲ," ಅಂದರು ಪುಟ್ಟಯ್ಯ. ಆದರೆ ಅಂಚನ್ನು ಮತ್ತೊಮ್ಮೆ ಬೆರಳಲ್ಲಿ ಸವರಿ ನೋಡಿದರು.

ಧನಂಜಯ್ ಹೆಂಡತಿಯತ್ತ ನೋಡಿದ. ನೋಡಿದೆಯಾ ಅನ್ನುವ ನೋಟ ಅದು. ಹೋದ ವಾರ ಪುಟ್ಟಯ್ಯ ಲಿಫ್ಟಿನಿಂದ ಬೇರೆ ಮಹಡಿಯಲ್ಲಿಳಿದು ಅಲ್ಲಿನ ಅಹ್ಮದ್ ಬಾವಾ ಎಂಬವರ ಮನೆಯ ಬೆಲ್ ಒತ್ತಿ, ಅವರು ಕರೆದರೆಂದು ಒಳಗೂ ಹೋಗಿ ಚಹಾ ಕುಡಿದು ಬಂದಿದ್ದರು. ಅದಕ್ಕೆ ಮೊದಲು ಒಮ್ಮೆ ಗ್ಯಾಸ್ ಆರಿಸುವುದನ್ನು ಮರೆತಿದ್ದರು. ಅಂದಿನಿಂದ ಧನಂಜಯ್ ಡಾಕ್ಟರಿಗೆ ತೋರಿಸುವ ಮಾತೆತ್ತುತ್ತಿದ್ದ. ಈಗ ಅವನು ಫೋನು ಕೈಗೆತ್ತಿಕೊಂಡು ಮುಂದಿನ ಶನಿವಾರಕ್ಕೆ ಸಮಯ ಗೊತ್ತುಮಾಡಿದ. ಬೃಂದಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಹೇಳಬೇಕಾದ್ದು ಒಂದೇ ವಾಕ್ಯ. ಅದನ್ನು ಎಲ್ಲಿಂದ ಶುರುಮಾಡಿದರೆ ಕಡಿಮೆ ಕೆಟ್ಟದಾಗಿ ಕೇಳುತ್ತದೆ ಎಂದು ಅವಳು ಯೋಚಿಸುತ್ತಿರುವಾಗಲೇ ಮಾವ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಭಾನುವಾರ ಪುಟ್ಟಯ್ಯ ಊರಿಗೆ ತಮ್ಮನಿಗೆ ಫೋನು ಮಾಡಿಸಿದರು. ಸ್ಪೀಕರಿನಲ್ಲಿ ತಮ್ಮನ ಹೆಂಡತಿ ಅಟ್ಟದ ಮೇಲಿಂದಲೇ ಕೂಗುತ್ತಿದ್ದಳು. "ಇಲ್ಲಿ ಯಾವ ಕಂಬ್ಳೀನೂ ಇಲ್ಲ ಭಾವಾ, ನಿಮ್ಮ ತಮ್ಮಂದು ಇಲಿ ಕಡ್ದು ಆಗ್ಲೇ ಎಸ್ದಿದ್ವಲ್ಲ. ನೀವೇ ಹೊತ್ಕೊಂಡು ಹೋದ್ರಲ್ಲಪ್ಪ, ಅರಬ್ಬರ ದೇಶ್ದಾಗೆ ಕುರಿ ಕಾಯಕ್ಕೆ ಹೊಂಟಂಗೆ!" ಅವರು ನಗಲಿಲ್ಲ. "ಅದ್ರಲ್ಲಿ ಗೆರೆ ಇತ್ತಾ, ನೋಡಿದ್ಯಾ ನೀನು?" ಎಂದು ಕೇಳಿದರು. ಅವಳು ನೋಡಿರಲಿಲ್ಲ.

ಆಮೇಲೆ ಅವರು ಕಂಬಳಿ ಹೊದೆಯಲಿಲ್ಲ. ಸೊಸೆ ಮೊದಲ ದಿನವೇ ಕೊಟ್ಟಿದ್ದ ಹೂವಿನ ಚಿತ್ರದ ಬ್ಲಾಂಕೆಟ್ಟನ್ನು ಹೊದ್ದುಕೊಂಡರು. ಮಂಗಳವಾರ ಮಾತ್ರೆ ನುಂಗಿ ಕಾಲು ಗಂಟೆಗೆ ನಿಧಿಯನ್ನು ಕರೆದು, "ನಾನು ಮಾತ್ರೆ ತಗಂಡ್ನಾ ಮಗಾ?" ಅಂದರು.

"ಯು ಡಿಡ್, ತಾತಾ. ಐ ಸಾ ಯು."

"ನೀನು ನೋಡಿದ್ರೆ ಸರಿ."

ಬುಧವಾರ ವಾಕಿಂಗ್ ಹೋಗಲಿಲ್ಲ. ಕಾಲು ನೋವೇ ಅಂದರೆ, "ಕಾಲು ಚೆನ್ನಾಗೈತೆ. ದಾರಿ ಯಾಕೋ," ಎಂದು ಚಪ್ಪಲಿಯನ್ನು ಮತ್ತೆ ಬದಿಗಿಟ್ಟರು.

ಬೃಂದಾ ಕುರಿಯ ಬೆನ್ನು ಮುಗಿಸಿದ್ದಳು. ಗೆರೆಯಿದ್ದ ಭಾಗದ ಪಟ್ಟಿಗಳು ಕಿವಿಗೆ ಹೋಗಿದ್ದವು. ಶುಕ್ರವಾರ ಜುಮಾನಾಳ ಮನೆಯಲ್ಲಿ ಚೌಕಟ್ಟು ಬಿಚ್ಚಿದಾಗ ಎಲ್ಲರೂ ಆ ಕಪ್ಪನ್ನು ಮುಟ್ಟಿ ನೋಡಿದರು. "ಇದು ಎಲ್ಲಿ ಸಿಕ್ಕಿತು?" ಎಂದು ಜುಮಾನಾ ಇಂಗ್ಲಿಷಿನಲ್ಲಿ ಕೇಳಿದಳು. ಊರಿನಿಂದ ಬಂದದ್ದು ಅಂದಳು ಬೃಂದಾ. ಆಮೇಲೆ ಎಲ್ಲರೂ ಚಹಾಕ್ಕೆ ಎದ್ದಾಗ ಅವಳು ಕಿವಿಯ ತುದಿ ಹಿಡಿದು ಎಳೆದಳು. ಒಂದು ಕುಣಿಕೆ ಬಿಚ್ಚಿತು, ಎರಡು, ಮೂರು. ಕೈಗೆ ಬಂದದ್ದು ನುಲಿದುಕೊಂಡ, ಬೆರಳಿಗಿಂತ ಸಣ್ಣಗಿನ ಉಣ್ಣೆಯ ಎಳೆ. ಅಂಥ ಅರವತ್ತು ಎಳೆ ಸೇರಿಸಿದರೂ ಅದು ಅಂಚಾಗುವುದಿಲ್ಲ. "ಮತ್ತೆ ಬಿಚ್ಚುತ್ತಿದ್ದೀಯಾ? ಖಲಾಸ್!" ಎಂದು ಜುಮಾನಾ ಲೋಟ ಹಿಡಿದೇ ಬಂದಳು. "ಕುರಿ ಮುಗಿಯಿತು. ಬಿಡು ಅದನ್ನು."

ಶನಿವಾರ ಫಹಾಹೀಲ್‌ನ ಕ್ಲಿನಿಕ್ಕಿನಲ್ಲಿ ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಪ್ರಶ್ನೆಗಳ ಹಾಳೆ ಕೊಟ್ಟು ನರ್ಸ್ ಡೆಲ್ಮಾಳನ್ನು ಕಳಿಸಿದರು. ಡೆಲ್ಮಾ ಕುಂದಾಪುರದವಳು. ಮೇಜಿನಾಚೆ ಕುಳಿತು ಹಾಳೆಯನ್ನು ಸರಿಮಾಡಿಕೊಂಡಳು.

"ಅಜ್ಜ, ಹೆದರುದು ಬೇಡ. ಸುಮ್ಮನೆ ಮಾತಾಡುವ. ನಾನು ಮೂರು ಶಬ್ದ ಹೇಳ್ತೇನೆ, ನೆನಪಿಟ್ಟುಕೊಳ್ಳಿ, ಆಮೇಲೆ ಕೇಳ್ತೇನೆ. ಕೊಡೆ, ಮಾವಿನಹಣ್ಣು, ಕುರ್ಚಿ. ಆಯ್ತಾ? ಈಗ ಹೇಳಿ, ಇವತ್ತು ಯಾವ ವಾರ?"

"ಶನಿವಾರ," ಅಂದರು ಪುಟ್ಟಯ್ಯ. ಆಮೇಲೆ ಮಗನತ್ತ ತಿರುಗಿದರು. "ಶನಿವಾರ ಅಲ್ವೇನೋ?"

"ಯಾವ ತಿಂಗಳು?"

"ಜನವರಿ... ಅಲ್ವಾ ಧನು?"

"ಎಂತ ಅಜ್ಜ, ಪರೀಕ್ಷೆ ನಿಮಗಾ, ಮಗನಿಗಾ? ಕಾಪಿ ಹೊಡೆಯುದಕ್ಕೆ ಇಲ್ಲ ಮಾರಾಯ್ರೆ."

ಪುಟ್ಟಯ್ಯ ನಕ್ಕರು. ಆದರೆ ನೂರರಿಂದ ಏಳೇಳು ಕಳೆಯುವಾಗಲೂ ಪ್ರತಿ ಉತ್ತರಕ್ಕೆ ಮಗನ ಮುಖ ನೋಡಿದರು. ಉತ್ತರಗಳೆಲ್ಲ ಸರಿಯಾಗಿದ್ದವು.

"ಇತ್ತೀಚೆಗೆ ಮರೆವಿನದ್ದು ಏನಾದರೂ ಆದದ್ದು ಉಂಟಾ?" ಡೆಲ್ಮಾ ಧನಂಜಯನನ್ನು ಕೇಳಿದಳು. ಅವನು ಗ್ಯಾಸಿನದು ಹೇಳಿದ, ಲಿಫ್ಟಿನದು ಹೇಳಿದ. "ಈಗ ಒಂದು ವಾರದಿಂದ ಕಂಬಳಿಯದು," ಎಂದು ಶುರುಮಾಡಿದ.

ಪುಟ್ಟಯ್ಯ ಕೈಯೆತ್ತಿ ಅವನನ್ನು ತಡೆದರು. "ಅದು ನಾನೇ ಹೇಳ್ತೀನಿ. ಇಲ್ದಿರೋ ಗೆರೇನ ಐತೆ ಅಂತ ಸಾಧಿಸ್ತಿದ್ದೆ ಕಣಮ್ಮ. ಐವತ್ತು ವರ್ಷ ಹೊದ್ದಿರೋ ಕಂಬ್ಳಿ. ಗೆರೆ ಐತೆ ಅಂತ್ಲೇ ಅಂದ್ಕಂಡಿದ್ದೆ. ಇರಲಿಲ್ಲ ಅನ್ಸುತ್ತೆ. ಬರ್ಕೊಳಮ್ಮ."

ಡೆಲ್ಮಾ ಬರೆಯತೊಡಗಿದಳು.

"ಗೆರೆ ಇತ್ತು," ಅಂದಳು ಬೃಂದಾ.

ಮೂವರೂ ಅವಳತ್ತ ನೋಡಿದರು. ಅವಳು ಗೋಡೆಯ ಪಕ್ಕದ ಕುರ್ಚಿಯಲ್ಲಿ ಬ್ಯಾಗನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು. "ನಾನು ಕತ್ತರಿಸಿದೆ. ರಗ್ಗಿಗೆ. ಆ ಅಂಚು ಈಗ ಕುರಿಯಲ್ಲಿದೆ."

"ಏನಂದೆ?" ಎಂದ ಧನಂಜಯ್.

"ಹೋದ ಶನಿವಾರ ಬೆಳಗ್ಗೆ. ಮಾವ ವಾಕಿಂಗ್ ಹೋಗಿದ್ದಾಗ. ಕಪ್ಪು ಉಣ್ಣೆ ಸಾಲಲಿಲ್ಲ, ಕತ್ತರಿಸಿ ಹೊಲಿದುಬಿಟ್ಟೆ."

"ಒಂದು ವಾರದಿಂದ ನೀನು—"

"ಹೌದು."

ಡೆಲ್ಮಾ ಪೆನ್ನನ್ನು ಗಾಳಿಯಲ್ಲೇ ಹಿಡಿದಿದ್ದಳು. "ಇದನ್ನು ಎಲ್ಲಿ ಬರೆಯುದು ಈಗ? ಇದಕ್ಕೆ ಕಾಲಮ್ಮೇ ಇಲ್ಲ," ಎಂದು ಮೆಲ್ಲಗೆ ತನ್ನಷ್ಟಕ್ಕೇ ಅಂದಳು.

ಪುಟ್ಟಯ್ಯ ಮೇಜಿನ ಅಂಚಿನ ಮೇಲೆ ಹೆಬ್ಬೆರಳನ್ನು ಅತ್ತಿಂದಿತ್ತ ಆಡಿಸಿದರು. ಆಮೇಲೆ ಸೊಸೆಯ ಮುಖ ನೋಡದೆಯೇ ಕೇಳಿದರು.

"ಎಷ್ಟು ಗೆರೆ?"

"ಮೂರು, ಮಾವ."

ಅವರು ಮಗನತ್ತ ತಿರುಗಿದರು. ಧನಂಜಯ್ ಗೋಡೆಯ ಮೇಲಿನ ಕಣ್ಣುಪರೀಕ್ಷೆಯ ಅಕ್ಷರಗಳನ್ನು ನೋಡುತ್ತಿದ್ದ.

"ಬಿಚ್ಚಿ ಕೊಡ್ತೀನಿ ಮಾವ," ಅಂದಳು ಬೃಂದಾ. ಅದು ಆಗದ ಕೆಲಸ ಎಂದು ಗೊತ್ತಿದ್ದೂ ಅಂದಳು.

"ಬಿಚ್ಚಿದ್ರೆ ಕಂಬ್ಳಿ ಆಗ್ತದಾ?"

"ಇಲ್ಲ."

"ಮತ್ತೆ?" ಅವರ ದನಿ ಏರಲಿಲ್ಲ. "ಕೇಳಿದ್ರೆ ನಾನು ಕೊಡ್ತಿರ್ಲಿಲ್ಲ."

"ಗೊತ್ತು ಮಾವ."

"ನಿಂಗೆ ಗೊತ್ತಿತ್ತು, ಅದಕ್ಕೇ ಕೇಳ್ಲಿಲ್ಲ."

ಬೃಂದಾ ಹೌದೆಂದು ತಲೆಯಾಡಿಸಿದಳು. ಅಷ್ಟು ಸರಿಯಾಗಿ ಅವಳೇ ಅದನ್ನು ತನಗೆ ಹೇಳಿಕೊಂಡಿರಲಿಲ್ಲ.

ಡೆಲ್ಮಾ ಗಂಟಲು ಸರಿಮಾಡಿಕೊಂಡಳು. "ಅಜ್ಜ, ಮುಗಿಸಿಬಿಡುವ. ಮೊದಲು ಹೇಳಿದ ಮೂರು ಶಬ್ದ?"

"ಕೊಡೆ," ಅಂದರು ಪುಟ್ಟಯ್ಯ. "ಮಾವಿನಹಣ್ಣು." ಆಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ಧನಂಜಯ್ ಬಾಯಿ ತೆರೆದು ಮುಚ್ಚಿದ. "ಮೂರ್ನೇದು ಮರ್ತೋಯ್ತು," ಅಂದರು, ಯಾರ ಮುಖವನ್ನೂ ನೋಡದೆ. "ಬರ್ಕೊ."

ಡಾಕ್ಟರು ಹಾಳೆ ನೋಡಿ, ಈ ವಯಸ್ಸಿಗೆ ಇಷ್ಟು ಇರುತ್ತದೆ, ಆರು ತಿಂಗಳ ನಂತರ ಮತ್ತೊಮ್ಮೆ ನೋಡೋಣ, ಅಲ್ಲಿಯವರೆಗೆ ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡಿ ಅಂದರು. ಮೂವರೂ ಕೆಳಗೆ ಬಂದು ಕಾರು ಹತ್ತಿದರು. ಪುಟ್ಟಯ್ಯ ಮುಂದೆ ಕುಳಿತರು, ಬೃಂದಾ ಹಿಂದೆ. ಧನಂಜಯ್ ಫೋನಿನಲ್ಲಿ ಮನೆಯ ದಾರಿ ಹಾಕಿ ಸ್ಟ್ಯಾಂಡಿಗೆ ಸಿಕ್ಕಿಸಿದ. ಮನೆಗೆ ಹೋದಮೇಲೆ ಅವನು ತನ್ನೊಂದಿಗೆ ಮಾತಾಡುವುದಿದೆ ಎಂದು ಅವನ ಕುತ್ತಿಗೆ ನೋಡಿಯೇ ಬೃಂದಾಳಿಗೆ ತಿಳಿಯಿತು. ಹೊರಗೆ ಧೂಳು ಕವಿದ ತೆಳುಬಿಸಿಲು. ಅಂಗಡಿಗಳು ಮಧ್ಯಾಹ್ನದ ಬಾಗಿಲು ಹಾಕುತ್ತಿದ್ದವು.

ಮೊದಲ ಸಿಗ್ನಲ್ಲಿನಲ್ಲಿ ಕೆಂಪು ದೀಪವಿತ್ತು. ಫೋನು ನೇರಕ್ಕೆ ಹೋಗು ಅಂದಿತು.

"ಬಲಕ್ಕೆ ತಗೋ," ಅಂದರು ಪುಟ್ಟಯ್ಯ. "ಮುಂದೆ ಅಗೆದವ್ರೆ. ಬರೋವಾಗ ನೋಡ್ದೆ."

ಧನಂಜಯ್ ಫೋನನ್ನು ನೋಡಿದ. ಅದರಲ್ಲಿ ನೀಲಿ ಗೆರೆ ನೇರವಾಗಿ, ಎಲ್ಲೂ ತಡೆಯಿಲ್ಲದೆ ಮನೆಯವರೆಗೂ ಹೋಗಿತ್ತು. ಅವನು ಬೆರಳುಗಳಿಂದ ಸ್ಟೀರಿಂಗಿನ ಮೇಲೆ ಎರಡು ಸಲ ತಟ್ಟಿದ. ದೀಪ ಇನ್ನೂ ಕೆಂಪಾಗಿಯೇ ಇತ್ತು. ಆಮೇಲೆ ಅವನು ಕನ್ನಡಿ ನೋಡಿ, ಪಕ್ಕದ ಸಾಲಿನ ನೀರಿನ ಟ್ಯಾಂಕರನ್ನು ಮುಂದೆ ಬಿಟ್ಟು, ಇಂಡಿಕೇಟರಿನ ಕಡ್ಡಿಯನ್ನು ಮೇಲಕ್ಕೆತ್ತಿದ. ಡ್ಯಾಶ್‌ಬೋರ್ಡಿನಲ್ಲಿ ಬಲಕ್ಕೆ ತಿರುಗಿದ ಹಸಿರು ಬಾಣ ಮಿನುಗತೊಡಗಿತು. ಟಿಕ್, ಟಿಕ್ ಎಂಬ ಅದರ ಸದ್ದನ್ನು ಕೇಳುತ್ತ ಮೂವರೂ ಕುಳಿತಿದ್ದರು.